ಬೂದಿ ನೋಡಿ, ಆಮೇಲೆ ಬಟ್ಟಲು

ಬಟ್ಟಲು ಮೊದಲು ಮನೆಗೆ ಬಂತು. ಅವರು ಆಮೇಲೆ ಬಂದರು.

ಬೆಳಿಗ್ಗೆ ಆರೂಕಾಲು ಇದ್ದೀತು. ಬಾಗಿಲು ತೆರೆದರೆ ಹಾಲು ಹಾಕುವವಳು ನಿಂತಿದ್ದಳು. ಹಾಲಿರಲಿಲ್ಲ. ಎರಡು ಕೈಯಲ್ಲೂ ಹಿಡಿದಿದ್ದದ್ದು ನಮ್ಮ ಬಿಳಿಯ ಪಿಂಗಾಣಿ ಬಟ್ಟಲು, ಅದರ ತುಂಬ ಕಾಲುವೆಯ ನೀರು.

"ಅಜ್ಜೀ, ತಾತ ಕಾಲುವೆ ಮೆಟ್ಟಿಲ ಮೇಲೆ ಕೂತಿದ್ದಾರೆ. ಕರೆದರೆ ಮಾತಾಡ್ತಿಲ್ಲ. ಇದು ಪಕ್ಕದಲ್ಲಿತ್ತು. ಏನು ಮಾಡಬೇಕೋ ಗೊತ್ತಾಗಲಿಲ್ಲ, ತಂದುಬಿಟ್ಟೆ."

ಪಾಪ, ಅಷ್ಟು ದೂರದಿಂದ ಒಂದು ಹನಿ ಚೆಲ್ಲದೆ ತಂದಿದ್ದಳು.

ಒಂದು ಮಾತು ಒಪ್ಪಿಕೊಳ್ಳಬೇಕು. ಅಂಥ ಹೊತ್ತಿನಲ್ಲೂ ನಾನು ಮೊದಲು ನೋಡಿದ್ದು ಬಟ್ಟಲಿನೊಳಕ್ಕೆ. ನಲವತ್ತೊಂದು ವರ್ಷದ ಅಭ್ಯಾಸ. ಅವರು ಬೆಳಿಗ್ಗೆ ಹೋಗಿ ಕಾಲುವೆಯ ನೀರು ತರುವುದು, ನಾನು ನೋಡಿ ಬಣ್ಣವಿದೆಯೋ ಇಲ್ಲವೋ ಹೇಳುವುದು. ನೋಡಿದೆ. ಏನೂ ಕಾಣಲಿಲ್ಲ. ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಟ್ಟೆ ಮುಚ್ಚಿ, ಬರಿಗಾಲಲ್ಲಿ ಓಡಿದೆ. ಅವರು ಗೋಡೆಗೆ ಒರಗಿ ಕೂತಿದ್ದರು. ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿದ್ದರು. ಪಾದ ಇನ್ನೂ ಒದ್ದೆಯಾಗಿತ್ತು.

ಅದಾಗಿ ಹನ್ನೊಂದು ದಿನವಾಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಪ್ರಾರ್ಥನೆಗೆ ಕೈಮುಗಿದರೆ ಅವರ ಹೆಸರಿನವರೆಗೆ ಬಂದು ಮಾತು ನಿಂತುಹೋಗುತ್ತಿತ್ತು. ದೇವರ ಮುಂದೆ ಅವರಿಗೆ ಶಾಂತಿ ಕೇಳಲು ನನಗೇನು ಅಧಿಕಾರ? ಎರಡು ವರ್ಷದಿಂದ ದಿನ ಬೆಳಗಾದರೆ ಅವರಿಗೆ ಒಂದು ಸುಳ್ಳು ಹೇಳಿದವಳು ನಾನು.

ಆ ಸುಳ್ಳು ಯಾವುದೆಂದು ಹೇಳಬೇಕಾದರೆ, ಮೊದಲನೆಯ ಸುಳ್ಳಿನಿಂದಲೇ ಶುರು ಮಾಡಬೇಕು.

ನನ್ನ ಅಪ್ಪನದು ಬಣ್ಣದ ಕಾರ್ಖಾನೆ. ಕಾರ್ಖಾನೆಯೆಂದರೆ ದೊಡ್ಡದೇನಲ್ಲ, ನಾಲ್ಕು ಹಂಡೆ, ಒಂದು ಒಲೆಮನೆ, ನೂಲು ಒಣಗಿಸುವ ಗಳು, ಹಿಂದುಗಡೆ ಕಾಲುವೆ. ಬಣ್ಣ ಹಾಕಿ ಉಳಿದ ನೀರನ್ನು ಅಪ್ಪ ಹಾಗೇ ಬಿಡುತ್ತಿರಲಿಲ್ಲ. ತೊಟ್ಟಿಯಲ್ಲಿ ತುಂಬಿ, ಸುಣ್ಣ ಹಾಕಿ ಮೂರು ದಿನ ನಿಲ್ಲಿಸುವುದು. ಬಣ್ಣ ತಳ ಸೇರಿದ ಮೇಲೆ ಮೇಲಿನ ನೀರನ್ನು ಬಿಳಿಯ ಬಟ್ಟಲಿನಲ್ಲಿ ತೆಗೆಯುವುದು. ಪಕ್ಕದಲ್ಲಿ ಇನ್ನೊಂದು ಬಟ್ಟಲಿನಲ್ಲಿ ಬಾವಿಯ ನೀರು. ಎರಡರಲ್ಲಿ ಯಾವುದು ಯಾವುದೆಂದು ಗುರುತು ಸಿಗದಿದ್ದರೆ ಮಾತ್ರ ತೂಬಿನ ಹಲಗೆ ಎತ್ತುವುದು. ಬಟ್ಟಲು ನೋಡುವ ಕೆಲಸ ನನ್ನದು. ನನ್ನ ಕಣ್ಣಿನ ಮೇಲೆ ಅಪ್ಪನಿಗೆ ಅಷ್ಟು ನಂಬಿಕೆ.

ಅದಕ್ಕೊಂದು ಕ್ರಮವಿತ್ತು. ಬೆಳಗಿನಿಂದ ಒಂದೇ ಬಣ್ಣ ನೋಡಿದ ಕಣ್ಣು ದಣಿದಿರುತ್ತದೆ. ಕೆಂಪನ್ನೇ ನೋಡಿ ನೋಡಿ ದಣಿದ ಕಣ್ಣಿಗೆ ತೆಳುಗೆಂಪು ಕಾಣುವುದೇ ಇಲ್ಲ. ಅದಕ್ಕೇ ಒಲೆಯ ಪಕ್ಕದ ಬೂದಿಯ ಗುಡ್ಡೆಯನ್ನು ನೂರು ಎಣಿಸುವವರೆಗೆ ನೋಡಬೇಕು. ಆಮೇಲೆ ಬಟ್ಟಲು.

ನಾನೋ ಹುಟ್ಟು ಚಡಪಡಿಕೆಯವಳು. ನೂರು ಎಣಿಸುವಷ್ಟು ತಾಳ್ಮೆ ಎಲ್ಲಿಂದ ತರಲಿ? ಆ ದಿನ ಎಣಿಸಲಿಲ್ಲ. ಬೆಳಗಿನಿಂದ ಕೆಂಪು ಕಲೆಸಿದ ಕಣ್ಣಿನಲ್ಲೇ ಬಟ್ಟಲು ನೋಡಿದೆ, ತಿಳಿಯಾಗಿ ಕಂಡಿತು, ಹಲಗೆ ಎತ್ತಿದೆ.

ಮಧ್ಯಾಹ್ನ ಒಬ್ಬರು ಬಂದರು. ಹೆಗಲ ಮೇಲೆ ಒದ್ದೆ ಬೆಡ್‌ಶೀಟು. ನೀರು ತೊಟ್ಟಿಕ್ಕಿ ಅರ್ಧ ಷರ್ಟು ನೆನೆದಿತ್ತು. ಕೆಳಗಿನ ತಿರುವಿನಲ್ಲಿ ಹೊಸದಾಗಿ ಲಾಂಡ್ರಿ ಇಟ್ಟವರೆಂದು ಕೇಳಿದ್ದೆ, ಕಂಡಿರಲಿಲ್ಲ.

"ಇದು ಯಾವ ಬಣ್ಣ, ಸ್ವಲ್ಪ ಹೇಳ್ತೀರಾ?" ಎಂದು ಅಪ್ಪನ ಮುಂದೆ ಬಿಡಿಸಿ ಹಿಡಿದರು.

"ಗುಲಾಬಿ. ಚೆನ್ನಾಗಿದೆ. ಎಷ್ಟು ಬೇಕು?" ಎಂದರು ಅಪ್ಪ.

"ನನಗೆ ಬೇಡ ಸ್ವಾಮಿ. ಇದು ಆಸ್ಪತ್ರೆಯದು. ಬೆಳಿಗ್ಗೆವರೆಗೂ ಬಿಳಿ ಇತ್ತು. ಇಂಥವು ನಲವತ್ತಿವೆ. ನೀರು ಬಿಟ್ಟಿದ್ದು ಯಾರು?"

"ನಾನು," ಎಂದೆ. "ನೋಡಿಯೇ ಬಿಟ್ಟಿದ್ದು."

ಅವರು ನನ್ನತ್ತ ತಿರುಗಿದರು. ಮಣಿಕಟ್ಟಿನವರೆಗೂ ಕೆಂಪಾಗಿದ್ದ ನನ್ನ ಕೈ ನೋಡಿದರು, ಆಮೇಲೆ ಮುಖ. "ಕಣ್ಣು ಸರಿಯಾಗಿದೆಯಾ?"

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಷರ್ಟಿನ ಎಡತೋಳು ಬಲತೋಳಿಗಿಂತ ಒಂದು ಎಳೆ ಹಳದಿ. ಅದು ನಿಮಗೆ ಕಂಡಿದೆಯಾ?"

ಅವರು ಎಡಗೈ ಚಾಚಿ ನೋಡಿಕೊಂಡರು, ಬಲಗೈ ಚಾಚಿ ನೋಡಿಕೊಂಡರು. ಜಗಳಕ್ಕೆ ಬಂದವರ ಬಾಯಿಯ ಒಂದು ಮೂಲೆ ತಾನಾಗಿ ಮೇಲೆ ಹೋಯಿತು. "ಎಡತೋಳು ಹಳೇ ಷರ್ಟಿನದು. ಹರಿದಿತ್ತು ಅಂತ ಅಮ್ಮ ಬೇರೆ ಜೋಡಿಸಿದ್ರು. ಮೂರು ವರ್ಷದಿಂದ ಯಾರೂ ಕಂಡುಹಿಡಿದಿರಲಿಲ್ಲ."

"ಈಗ ಗೊತ್ತಾಯ್ತಲ್ಲ ಕಣ್ಣು ಹೇಗಿದೆ ಅಂತ."

"ಗೊತ್ತಾಯ್ತು," ಎಂದವರು, ಬಂದ ಕೆಲಸ ಮರೆತವರ ಹಾಗೆ ಒಂದು ಗಳಿಗೆ ನಿಂತು, ಬೆಡ್‌ಶೀಟು ಹೆಗಲಿಗೇರಿಸಿ ಹೊರಟುಹೋದರು.

ಅಪ್ಪ ನಕ್ಕರು. "ಭಾರಿ ಶುಭ್ರಯ್ಯ ಬಂದಿದ್ದಾನಲ್ಲ!" ಅಂದಿನಿಂದ ಅವರಿಗೆ ನಮ್ಮಲ್ಲಿ ಶುಭ್ರಯ್ಯ ಎಂದೇ ಹೆಸರಾಯಿತು.

ಬಿಟ್ಟ ನೀರಿನ ಬಟ್ಟಲನ್ನು ಮುಂದಿನ ಸಲದವರೆಗೆ ಗೂಡಿನಲ್ಲಿ ಇಡುವುದು ನಮ್ಮಲ್ಲಿ ಪದ್ಧತಿ. ಮಾರನೆಯ ಬೆಳಿಗ್ಗೆ, ಕಣ್ಣಿಗೆ ಇನ್ನೂ ಬಣ್ಣ ಬೀಳುವ ಮೊದಲು, ಆ ಬಟ್ಟಲು ತೆಗೆದು ನೋಡಿದೆ. ಎಳೆಯ ಮಗುವಿನ ಅಂಗೈಯಷ್ಟು ಕೆಂಪಗಿತ್ತು.

ಹೇಳಬೇಕಿತ್ತು. ಅಪ್ಪನ ಮುಂದೆ ನನ್ನ ಕಣ್ಣಿನ ಹೆಸರು ಹೋಗುತ್ತದೆಂದು ಹೇಳಲಿಲ್ಲ. ಬಟ್ಟಲನ್ನು ಗೂಡಿನ ಹಿಂದಕ್ಕೆ ಸರಿಸಿದೆ. ಮೂರು ದಿನ ಊಟ ರುಚಿಸಲಿಲ್ಲ, ನೂಲು ಸಿಕ್ಕಾಯಿತು, ಎರಡು ಸಲ ಕೈ ಸುಟ್ಟುಕೊಂಡೆ. ನಾಲ್ಕನೆಯ ದಿನ ಹೇಗಾದರೂ ಹೋಗಿ ಹೇಳಿಬಿಡಬೇಕೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರೇ ಬಂದು ನಿಂತರು. ಕೈಯಲ್ಲಿ ಒಂದು ಕೆಂಪು ಕಾಲುಚೀಲ.

"ತಪ್ಪು ನನ್ನದೇ," ಎಂದರು ತಲೆ ತಗ್ಗಿಸಿ. "ಹಂಡೆಯ ತಳದಲ್ಲಿ ಇದು ಸಿಕ್ತು. ಬಣ್ಣ ಬಿಟ್ಟಿರೋದು ಇದೇ. ಸುಮ್ಮನೆ ನಿಮ್ಮ ಮೇಲೆ ಕೂಗಾಡಿದೆ."

ನಾನು ಏನು ಹೇಳಿದೆ ಗೊತ್ತೇ? "ಪರವಾಗಿಲ್ಲ ಬಿಡಿ" ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ! ಇಂದಿಗೂ ಆ ಮಾತು ನೆನಪಾದರೆ ಮುಖ ಬಿಸಿಯಾಗುತ್ತದೆ.

"ಬೆಡ್‌ಶೀಟು ಬೆಳ್ಳಗಾದವಾ?" ಎಂದು ಕೇಳಿದೆ.

"ಎಲ್ಲಿ! ಬ್ಲೀಚ್ ಹಾಕಿದರೆ ಒಂದೇ ದಿನದಲ್ಲಿ ಬೆಳ್ಳಗಾಗುತ್ತೆ. ಆದರೆ ಆ ನೀರು ಕೆಳಗೆ ತರಕಾರಿ ತೋಟಕ್ಕೆ ಹೋಗುತ್ತಲ್ಲ. ಕುದಿಸೋದು, ಬಿಸಿಲಿಗೆ ಹಾಕೋದು, ಮತ್ತೆ ಕುದಿಸೋದು. ಆಸ್ಪತ್ರೆಯವರ ಹತ್ತಿರ ಒಂದು ತಿಂಗಳು ಕೇಳಿಕೊಂಡಿದ್ದೀನಿ. ತಿಂಗಳೊಳಗೆ ಬೆಳ್ಳಗಾಗದಿದ್ದರೆ ಅವರ ಬಟ್ಟೆ ಬೇರೆಯವರಿಗೆ."

"ನಾನು ಬರ್ತೀನಿ," ಎಂದುಬಿಟ್ಟೆ. "ಬಣ್ಣ ಹಾಕೋರಿಗೆ ತೆಗೆಯೋದೂ ಗೊತ್ತಿರುತ್ತೆ."

ಸಂಜೆ ನಾಲ್ಕಕ್ಕೆ ನಮ್ಮ ಕೆಲಸ ಮುಗಿಸಿ ಹೋಗುತ್ತಿದ್ದೆ. ಅವರ ಅಮ್ಮ ಕಿಟಕಿಯೊಳಗಿಂದ ಇಸ್ತ್ರಿ ಮಾಡುತ್ತ ನಮ್ಮಿಬ್ಬರ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದರು. ಒದ್ದೆ ಬೆಡ್‌ಶೀಟಿನ ಒಂದು ತುದಿ ಅವರ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಅವರು ಬಲಕ್ಕೆ ತಿರುಚಿದರೆ ನಾನು ಎಡಕ್ಕೆ. ನೀರು ಜಾರಿ ಕಾಲ ಮೇಲೆ ಬೀಳುವುದು. ಬಟ್ಟಲು ನೋಡುವ ಕೆಲಸ ನನ್ನದೆಂದು ತಿಳಿದ ಮೇಲೆ ಅವರು ನನಗೆ ಬಟ್ಟಲಮ್ಮ ಎಂದೇ ಹೆಸರಿಟ್ಟಿದ್ದರು.

"ಬಟ್ಟಲಮ್ಮಾ, ಮೆಲ್ಲಗೆ. ಹಿಂಡ್ತಿರೋದು ಬಟ್ಟೆನ, ನನ್ನ ಕುತ್ತಿಗೆ ಅಲ್ಲ."

"ನಿಮ್ಮ ಕುತ್ತಿಗೆ ಆಗಿದ್ದರೆ ಇಷ್ಟು ಹೊತ್ತು ಬೇಕಾಗ್ತಿರಲಿಲ್ಲ."

ಕಿಟಕಿಯೊಳಗೆ ಇಸ್ತ್ರಿ ಒಂದು ಕ್ಷಣ ನಿಲ್ಲುವುದು.

ಒಣಗಿದ್ದನ್ನು ಮಡಿಸುವುದು ಇನ್ನೂ ಕಷ್ಟ. ತುದಿ ಹಿಡಿದು ದೂರ ನಿಲ್ಲಬೇಕು, ಮಡಿಸುತ್ತ ಹತ್ತಿರ ಬರಬೇಕು, ನನ್ನ ತುದಿಯನ್ನು ಅವರ ಕೈಗೆ ಕೊಡಬೇಕು. ಬೆರಳಿಗೆ ಬೆರಳು ತಾಗದೆ ಕೊಡುವ ಉಪಾಯವೇ ಇಲ್ಲ. ನಾನು ಅವರ ಅಂಗಿಯ ಗುಂಡಿ ನೋಡುತ್ತಿದ್ದೆ, ಅವರು ನನ್ನ ತಲೆಯ ಮೇಲೆ ಆಕಾಶ ನೋಡುತ್ತಿದ್ದರು. ನಲವತ್ತು ಬೆಡ್‌ಶೀಟು. ನಲವತ್ತು ಸಲ ಹತ್ತಿರ ಬಂದು ನಲವತ್ತು ಸಲ ದೂರ ಹೋದೆವು. ಮನೆಗೆ ಬಂದರೆ ಕೈ ಸುಮ್ಮನಿರುತ್ತಿರಲಿಲ್ಲ, ಏನನ್ನೋ ಮಡಿಸಬೇಕು ಎನ್ನಿಸುತ್ತಿತ್ತು.

ತಿಂಗಳಿಗೆ ಎರಡು ದಿನ ಉಳಿದಿದ್ದಾಗ ಕೊನೆಯ ಬೆಡ್‌ಶೀಟು ಬೆಳ್ಳಗಾಯಿತು. ಮಡಿಸಿ ನನ್ನ ತುದಿ ಕೊಟ್ಟೆ. ಅವರು ತುದಿಯ ಜೊತೆ ಬೆರಳನ್ನೂ ಹಿಡಿದುಕೊಂಡರು.

"ನಾಳೆಯಿಂದ ಮಡಿಸೋಕೆ ಏನೂ ಇಲ್ಲ," ಎಂದರು.

"ಹೌದು."

"ಅದೇ ನನಗೆ ಚಿಂತೆ ಆಗಿರೋದು. ಅಮ್ಮನ್ನ ನಿಮ್ಮ ಮನೆಗೆ ಕಳಿಸ್ಲಾ?"

ಯಾವ ಮಾತಿಗಾಗಿ ಒಂದು ತಿಂಗಳು ನಿದ್ದೆಗೆಟ್ಟಿದ್ದೆನೋ ಆ ಮಾತು ಬಂದಿತ್ತು. ಹೂಂ ಎನ್ನಲು ಬಾಯಿ ತೆರೆದರೆ ಬಂದದ್ದು ಬೇರೆ.

"ಬಟ್ಟಲು ಕೆಂಪಗಿತ್ತು. ಮಾರನೇ ದಿನವೇ ನೋಡಿದೆ. ಬಣ್ಣ ಬಿಟ್ಟಿದ್ದು ನಾನು. ನಿಮ್ಮ ಕೈಲಿ ಕ್ಷಮೆ ಕೇಳಿಸಿಕೊಂಡು ಸುಮ್ಮನಿದ್ದೆ."

ಬೆರಳು ಬಿಡುತ್ತಾರೆಂದು ಕಾದೆ. ಬಿಡಲಿಲ್ಲ.

"ಗೊತ್ತು," ಎಂದರು.

"ಏನು ಗೊತ್ತು?"

"ಆ ಸಾಕ್ಸು ನನ್ನದೇ. ಐದು ವರ್ಷದಿಂದ ಒಗೀತಿದ್ದೀನಿ. ಬಿಡೋಕೆ ಅದರಲ್ಲಿ ಬಣ್ಣ ಎಲ್ಲಿ ಉಳಿದಿದೆ?"

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ಜಗಳ ಆಡಿ ಬಂದಿದ್ದೆ. ಮತ್ತೆ ಆ ಮನೆಗೆ ಹೋಗಬೇಕಿತ್ತು. ಏನಾದರೂ ಒಂದು ನೆಪ ಬೇಡವಾ?"

ತೋಳಿನ ಒಂದು ಎಳೆ ಹಳದಿ ಕಂಡವಳಿಗೆ ಆ ಮಾಸಿದ ಕಾಲುಚೀಲ ಕಂಡಿರಲಿಲ್ಲ. ಕಾಣುವುದು ನನಗೂ ಬೇಕಿರಲಿಲ್ಲವೇನೋ. ನಗು, ಅಳು ಎರಡೂ ಒಟ್ಟಿಗೆ ಬಂದವು. ಅವರು ಮಾತ್ರ ನಗಲಿಲ್ಲ.

"ಇಬ್ಬರೂ ಸುಳ್ಳು ಹೇಳಿದ್ದೀವಿ," ಎಂದರು. "ನಾವಿಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿಬಿಟ್ಟರೆ ಮುಗೀತಾ? ಕೆಳಗಿನವರು ಅವತ್ತು ಅದೇ ನೀರಲ್ಲಿ ಮಕ್ಕಳ ಮೈ ತೊಳೆದಿದ್ದಾರೆ. ಬಾ, ಹೇಳಿ ಬರೋಣ."

ಮೊದಲು ಅಪ್ಪನಿಗೆ ಹೇಳಿದೆವು. ಅಪ್ಪ ಒಂದು ಮಣ್ಣಿನ ಕುಡಿಕೆಯಲ್ಲಿ ಬೂದಿ ತುಂಬಿ, ನನ್ನ ಬಟ್ಟಲಿನ ಪಕ್ಕ ಇಟ್ಟರು. ಆಮೇಲೆ ಆಸ್ಪತ್ರೆಗೆ ಹೋಗಿ ಹೇಳಿದೆವು, ಕಾಲುವೆ ಹಿಡಿದು ಮನೆಮನೆಗೂ ಹೋದೆವು. ಒಬ್ಬರು ಬೈದರು, ಒಬ್ಬರು ಬಾಗಿಲು ಹಾಕಿಕೊಂಡರು. ತರಕಾರಿ ಬೆಳೆಯುವ ದೊಡ್ಡಮ್ಮ ಕೈಯ ಮಣ್ಣು ಕೊಡವುತ್ತ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದರು. "ನೀವು ತಪ್ಪು ಒಪ್ಪಿಕೊಳ್ಳೋಕೆ ಬಂದಿರೋದಾ, ಮದುವೆಗೆ ಕರೆಯೋಕೆ ಬಂದಿರೋದಾ?"

"ಎರಡಕ್ಕೂ," ಎಂದರು ನಮ್ಮವರು.

ಮದುವೆಯ ಮಾರನೆಯ ಬೆಳಿಗ್ಗೆಯೇ ಅವರು ಮೆಟ್ಟಿಲಿಳಿದು ಹೋಗಿ ಒಂದು ಬಟ್ಟಲು ನೀರು ತಂದು ನನ್ನ ಮುಂದಿಟ್ಟು ಕೂತರು. "ನೋಡು ಬಟ್ಟಲಮ್ಮ." ನಾನು ಬೂದಿ ನೋಡಿದೆ, ನೂರು ಎಣಿಸಿದೆ, ಆಮೇಲೆ ಬಟ್ಟಲು ನೋಡಿದೆ. "ತಿಳಿ," ಎಂದೆ. ಮುಂದೆ ಅಪ್ಪ ಹೋದರು, ನಮ್ಮ ಹಂಡೆಗಳು ಹೋದವು, ಲಾಂಡ್ರಿಯೂ ಹೋಯಿತು. ಕಾಲುವೆಯ ಮೇಲ್ಭಾಗದಲ್ಲಿ ಬೇರೆಯವರ ಬಣ್ಣದ ಕಾರ್ಖಾನೆ ಒಂದು ಉಳಿದಿತ್ತು. ಬಟ್ಟಲು ದಿನವೂ ಬರುತ್ತಿತ್ತು. ಬಣ್ಣ ಇದ್ದ ದಿನ ಅವರು ಹೋಗಿ ಆ ಬಾಗಿಲು ತಟ್ಟುತ್ತಿದ್ದರು. ಕೂಗುತ್ತಿರಲಿಲ್ಲ. ಬಟ್ಟಲನ್ನು ತೋರಿಸುತ್ತಿದ್ದರು, ಅಷ್ಟೆ.

ಎರಡು ವರ್ಷದ ಹಿಂದೆ ನನ್ನ ಕಣ್ಣಿಗೆ ಪೊರೆ ಬಂತು. ಮುಖ ಕಾಣುತ್ತಿತ್ತು, ದಾರಿ ಕಾಣುತ್ತಿತ್ತು, ತೆಳುವಾದ ಬಣ್ಣ ಹೋಯಿತು. ಹೇಳಲಿಲ್ಲ. ಬೆಳಿಗ್ಗೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಬಂದು, ಎದುರಿಗೆ ಕೂತು, ನಾನು ನೂರು ಎಣಿಸುವವರೆಗೆ ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣು ಹೋಯಿತೆಂದರೆ ಆ ನೂರೂ ಹೋಗುತ್ತಿತ್ತು. "ತಿಳಿ," ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಬಟ್ಟಲನ್ನು ಹೊರಗೆ ಒಯ್ಯುತ್ತಿದ್ದರು, ಗಿಡಕ್ಕೆ ಹಾಕುತ್ತೇನೆಂದು.

ಹನ್ನೊಂದನೆಯ ದಿನ ತಡೆಯಲಾಗಲಿಲ್ಲ. ಮಗಳು ಸಿಟಿ ಬಸ್ ಓಡಿಸುತ್ತಾಳೆ, ಮಹಡಿಯ ಮೇಲೆ ಅವಳ ಮನೆ. ಅಂದು ರಜೆ ಇತ್ತು. ಕರೆದು ಕೂರಿಸಿ ಹೇಳಿದೆ.

"ನಿಮ್ಮಪ್ಪನಿಗೆ ಮೋಸ ಮಾಡಿದೆ ಕಣೆ. ಎರಡು ವರ್ಷದಿಂದ ನನಗೆ ಬಟ್ಟಲಲ್ಲಿ ಏನೂ ಕಾಣಲ್ಲ."

ಮಗಳು ನನ್ನ ಕೈ ತೆಗೆದುಕೊಂಡಳು. "ಅಪ್ಪನಿಗೆ ಗೊತ್ತಿತ್ತು ಅಮ್ಮ. ದಿನಾ ಡ್ಯೂಟಿಗೆ ಇಳೀತಿದ್ದಾಗ ಮಹಡಿ ಮೆಟ್ಟಿಲ ಹತ್ತಿರ ನನಗೆ ತೋರಿಸ್ತಿದ್ರು. ಮೂರು ಸಲ ನೀನು ತಿಳಿ ಅಂದಿದ್ದು ತಿಳಿ ಇರಲಿಲ್ಲ. ಅಪ್ಪ ಹೋಗಿ ಬಾಗಿಲು ತಟ್ಟಿ ಬಂದ್ರು."

"ನನಗೆ ಯಾಕೆ ಹೇಳಲಿಲ್ಲ?"

"ನಾನೂ ಅದನ್ನೇ ಕೇಳಿದೆ. 'ನಿಮ್ಮಮ್ಮ ನೂರು ಎಣಿಸುವಾಗ ಅವಳ ಮುಖ ನೋಡೋಕೇ ನಾನು ಬೆಳಿಗ್ಗೆ ಏಳೋದು, ಅದಕ್ಕೆ ಕಲ್ಲು ಹಾಕಬೇಡ' ಅಂದ್ರು."

ಆ ನೂರು ಇಬ್ಬರಿಗೂ ಬೇಕಾಗಿತ್ತು. ಇಬ್ಬರೂ ಬಚ್ಚಿಟ್ಟಿದ್ದೆವು.

ಎಷ್ಟೋ ಹೊತ್ತಾದ ಮೇಲೆ ಮಗಳು ಕಿಟಕಿಯ ಕಟ್ಟೆಯತ್ತ ಹೋಗಿ ತಟ್ಟೆ ಸರಿಸಿದಳು. ನಾನು ಅದನ್ನು ಚೆಲ್ಲಿರಲಿಲ್ಲ. ಚೆಲ್ಲಲು ಮನಸ್ಸು ಬಂದಿರಲಿಲ್ಲ.

"ಅಮ್ಮಾ," ಎಂದಳು. "ಇದು ಕೆಂಪಗಿದೆ."

ಹನ್ನೊಂದು ದಿನ. ಅವರು ಬಟ್ಟಲಿಟ್ಟು ಹೋಗಿದ್ದರು, ನಾನು ಅದಕ್ಕೆ ತಟ್ಟೆ ಮುಚ್ಚಿ ಕೂತಿದ್ದೆ. ಬೂದಿಬಣ್ಣದ ಶಾಲು ಹೊದ್ದು ಎದ್ದೆ. "ನಡಿ," ಎಂದೆ.

ಕಾರ್ಖಾನೆಯ ಬಾಗಿಲು ತೆರೆದದ್ದು ಬಣ್ಣ ಕಲೆಸುವ ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ. ಬಟ್ಟಲು ಕಂಡವಳೇ ನಮ್ಮ ಹಿಂದೆ ಇಣುಕಿದಳು. "ತಾತ ಬರಲಿಲ್ಲವಾ?"

"ಇಲ್ಲಮ್ಮ. ಇದು ಅವರು ಕೊನೆಗೆ ತೆಗೆದ ನೀರು, ಹನ್ನೊಂದು ದಿನದ ಹಿಂದಿನದು. ಕೆಂಪಗಿದೆ," ಎಂದಳು ಮಗಳು. ಹುಡುಗಿಗೆ ಅರ್ಥವಾಯಿತು. ಬಟ್ಟಲಿನೊಳಗೆ ನೋಡಿದಳು. ಅವಳಿಗೆ ಬಣ್ಣ ಕಾಣಲಿಲ್ಲ.

"ನಾನು ನೋಡಿಯೇ ಬಿಟ್ಟಿದ್ದು ಅಜ್ಜಿ. ದೇವರಾಣೆ ತಿಳಿಯಾಗಿತ್ತು."

"ಅವತ್ತು ನೀರು ಬಿಡೋ ಮೊದಲು ಯಾವ ಬಣ್ಣ ಕಲೆಸ್ತಿದ್ದೆ?"

"ರಾತ್ರಿಯೆಲ್ಲ ಕೆಂಪೇ. ಇವತ್ತೂ ಬೆಳಗಿನಿಂದ ಅದೇ."

"ಬೂದಿ ನೋಡಿದ್ಯಾ?"

"ಯಾವ ಬೂದಿ?"

ಒಳಗೆ ನೋಡಿದೆ. ಒಲೆಯೆಲ್ಲ ಗ್ಯಾಸಿನದು. ಬೂದಿ ಎಲ್ಲಿಂದ ಬರಬೇಕು? ಅವಳಿಗೆ ಹೇಳಿಕೊಡುವವರು ಯಾರೂ ಉಳಿದಿರಲಿಲ್ಲ. ನಮ್ಮವರಿಗೂ ಈ ಮಾತು ಹೊಳೆದಿರಲಿಲ್ಲ. ಕಣ್ಣಿನ ಕೆಲಸ ನನ್ನದಲ್ಲವೇ. ನಾನು ಶಾಲು ತೆಗೆದು ತೊಟ್ಟಿಯ ಮೇಲಿನ ಮೊಳೆಗೆ ನೇತುಹಾಕಿದೆ. ಅವರು ಎಷ್ಟೋ ವರ್ಷ ತಮ್ಮ ಕೈಯಾರೆ ಒಗೆದ ಶಾಲು ಅದು.

"ಇದನ್ನು ನೂರು ಎಣಿಸೋವರೆಗೆ ನೋಡು ಮಗಾ. ಆಮೇಲೆ ಬಟ್ಟಲು. ಆತುರ ಮಾಡಬೇಡ. ಆತುರ ಮಾಡಿದವಳನ್ನು ನೋಡ್ತಿದ್ದೀಯಲ್ಲ."

ಹುಡುಗಿ ಎಣಿಸಿದಳು. ಆಮೇಲೆ ಬಟ್ಟಲು ನೋಡಿ, "ಅಯ್ಯೋ," ಎಂದಳು ಮೆಲ್ಲಗೆ. ಆ ನೀರನ್ನು ಅವಳ ಕೈಯಿಂದಲೇ ಸುಣ್ಣದ ತೊಟ್ಟಿಗೆ ಹುಯ್ಯಿಸಿದೆ. ಕೆಳಗಿನ ಮನೆಗಳಿಗೆ ಹೇಳಿ ಬರಬೇಕೆಂದೆ. ಅವಳು ಹಿಂಜರಿದಳು. ನಾನೂ ಜೊತೆಗೆ ಬರುತ್ತೇನೆಂದೆ. ಹೋದೆವು, ಮೂವರೂ, ಕಾಲುವೆ ಹಿಡಿದು, ಮನೆಮನೆಗೂ.

ಮರಳಿ ಬರುವಾಗ ಅವರು ಕೂತಿದ್ದ ಮೆಟ್ಟಿಲ ಮೇಲೆ ಕೂತೆ. ಖಾಲಿ ಬಟ್ಟಲು ಮಡಿಲಲ್ಲಿತ್ತು. ಕೈಮುಗಿದೆ. ಅವರ ಹೆಸರಿನವರೆಗೆ ಬಂದೆ. ಮಾತು ನಿಲ್ಲಲಿಲ್ಲ.

ತಂದೆಯೇ, ನಿನ್ನ ನೀರನ್ನು ನಲವತ್ತೊಂದು ವರ್ಷ ಕಾದವನು ನಿನ್ನ ಹತ್ತಿರ ಬಂದಿದ್ದಾನೆ. ಅವನ ಪಾದ ಒದ್ದೆಯಾಗಿದೆ, ಒರೆಸಿಕೊಳ್ಳಲು ಬಿಳಿಯ ಬಟ್ಟೆ ಕೊಡು. ನಾವಿಬ್ಬರೂ ಆಡಿದ ಸುಳ್ಳುಗಳನ್ನು ಮನ್ನಿಸು. ಪ್ರೀತಿಗಾಗಿ ಆಡಿದವು, ಆದರೂ ಸುಳ್ಳೇ. ನಾನು ಬರುವವರೆಗೆ ಆ ಜೀವ ನೆರಳಿನಲ್ಲಿ ನೆಮ್ಮದಿಯಾಗಿ ಕೂತಿರಲಿ. ಆತುರವಿಲ್ಲ ಎಂದು ಹೇಳು. ನಾನು ನೂರು ಎಣಿಸುತ್ತಿದ್ದೇನೆ.